ಎಳೆಯುವ ಬಲವೋ, ತಡೆಯುವ ಬಲವೋ?

ಎತ್ತಿನ ಗಾಡಿಗೆ ಭತ್ತದ ಮೂಟೆಗಳನ್ನು ಹೇರುವುದನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಮೂಟೆಗಳನ್ನೆಲ್ಲ ಹೇರಿಯಾದ ಮೇಲೆ ಅನುಭವಸ್ಥನಾದ ಗಾಡಿಯವನು ಕೂಡಲೆ ಎತ್ತುಗಳನ್ನು ಹೂಡುವುದಿಲ್ಲ. ಮೊದಲು ಮೂಕಿಯ ತುದಿಯನ್ನು ಹಿಡಿದು ಒಮ್ಮೆ ಎತ್ತಿ ನೋಡುತ್ತಾನೆ. ಅದು ಮೇಲೇಳಲಾರದಷ್ಟು ಭಾರವಾಗಿದ್ದರೆ ಮುಂಭಾರವಾಯಿತೆಂದು ಒಂದೆರಡು ಮೂಟೆಗಳನ್ನು ಹಿಂದಕ್ಕೆ ಸರಿಸುತ್ತಾನೆ. ತಾನಾಗಿಯೇ ಮೇಲೇಳುವಂತಿದ್ದರೆ ಹಿಂಭಾರವಾಯಿತೆಂದು ಮುಂದಕ್ಕೆ ಸರಿಸುತ್ತಾನೆ. ಮುಂಭಾರವಾದರೆ ನೊಗವು ಎತ್ತುಗಳ ಹೆಗಲನ್ನು ಜಜ್ಜುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿನ ಹಗ್ಗ ಗಂಟಲನ್ನು ಬಿಗಿಯುತ್ತದೆ. ಎತ್ತುಗಳ ಹೆಗಲ ಮೇಲೆ ಸ್ವಲ್ಪ ಭಾರ ಇರಲೇಬೇಕು, ಆದರೆ ಅದು ಸ್ವಲ್ಪವೇ ಆಗಿರಬೇಕು. ಸನ್ನೆಯ ನಿಯಮವನ್ನು ಯಾವ ಪುಸ್ತಕದಲ್ಲಿಯೂ ಓದದ ಗಾಡಿಯವನಿಗೆ ಈ ಲೆಕ್ಕ ಕೈಯ ಅಂದಾಜಿನಿಂದಲೇ ಗೊತ್ತು.

ಈ ಗಾಡಿಯ ನೆನಪು ನಮಗೆ ಬಂದದ್ದು ಸಾವಿರಾರು ಮೈಲಿಗಳಾಚೆಯಿಂದ ಬಂದ ಒಂದು ಪತ್ರದಿಂದ. ನಮ್ಮ ಸಹಪಾಠಿಯಾಗಿದ್ದ ಮಂಡ್ಯದ ಕಡೆಯ ಗೆಳೆಯರೊಬ್ಬರು ಈಗ ಅಮೆರಿಕದ ಡೆನ್ವರ್ ನಗರದಲ್ಲಿದ್ದಾರೆ. ಬೇಸಗೆಯಲ್ಲಿ ಊರಿನಿಂದ ತಾಯಿಯವರು ಬಂದಾಗ ಎಲ್ಲರನ್ನೂ ಕೊಲರಾಡೊ ಸೀಮೆಯ ಪರ್ವತಗಳಿಗೆ ಕರೆದೊಯ್ಯಬೇಕೆಂಬುದು ಅವರ ಆಸೆ. ಅದಕ್ಕಾಗಿ ಅಡಿಗೆಮನೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವೂ ಇರುವ ಮನೆಯಂಥ ಟ್ರೇಲರ್ ಒಂದನ್ನು ಕೊಳ್ಳಲು ಹೊರಟಿದ್ದಾರೆ. ಸಾಮಾನು, ನೀರು ಎಲ್ಲ ತುಂಬಿದಾಗ ಅದರ ತೂಕ 3,000 ಕಿಲೋಗ್ರಾಂ. ಅವರ ಪ್ರಶ್ನೆ ಇಷ್ಟೆ: "ನನ್ನ ಬಳಿ ಇರುವ ಎಸ್‌ಯುವಿಯ ಎಂಜಿನ್ 280 ಅಶ್ವಶಕ್ತಿಯದು. ಇಷ್ಟೇ ಅಶ್ವಶಕ್ತಿಯ ಪಿಕಪ್ ಟ್ರಕ್ಕೇ ಬೇಕೆಂದು ಇಲ್ಲಿಯವರು ಏಕೆ ಹೇಳುತ್ತಾರೆ? ಎಳೆಯುವುದಕ್ಕೆ ಬಲ ಸಾಲದೆ?"

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಅಪರೂಪ. ಅದನ್ನು ಹಂತಹಂತವಾಗಿ ಬಿಡಿಸೋಣ.

ಎಳೆಯಲು ಬೇಕಾದ ಬಲವೆಷ್ಟು?

ಟ್ರಕ್ಕಿನ ತೂಕ 2,500 ಕಿಲೋಗ್ರಾಂ ಎಂದೂ ಒಳಗಿರುವ ಜನರ ಮತ್ತು ಸಾಮಾನಿನ ತೂಕ 300 ಎಂದೂ ಇಟ್ಟುಕೊಂಡರೆ, ಟ್ರೇಲರನ್ನು ಸೇರಿಸಿ ಒಟ್ಟು 5,800 ಕಿಲೋಗ್ರಾಂ ಆಗುತ್ತದೆ. ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಸುಮಾರು 3,400 ಮೀಟರ್ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗವನ್ನು ಹೊಕ್ಕು ಪರ್ವತಶ್ರೇಣಿಯನ್ನು ದಾಟುತ್ತದೆ. 1973ರಲ್ಲಿ ತೆರೆಯಲಾದ ಈ ಸುರಂಗದ ಆಸುಪಾಸಿನಲ್ಲಿ ರಸ್ತೆಯ ಏರು ಕೆಲವೆಡೆ ಶೇಕಡ 7ರಷ್ಟಿದೆ. ಎಂದರೆ ನೂರು ಮೀಟರ್ ಮುಂದೆ ಸಾಗಿದರೆ ಏಳು ಮೀಟರ್ ಮೇಲೇರುತ್ತೇವೆ.

ಈ ಏರಿನಲ್ಲಿ ಭೂಮಿಯ ಆಕರ್ಷಣೆ ವಾಹನವನ್ನು ಹಿಂದಕ್ಕೆ ಸೆಳೆಯುವ ಬಲ 5,800 × 9.8 × 0.07, ಅಂದರೆ ಸುಮಾರು 4,000 ನ್ಯೂಟನ್. ಗಾಳಿಯ ತಡೆ ಮತ್ತು ಚಕ್ರಗಳ ಉರುಳುವಿಕೆಯ ಘರ್ಷಣೆ ಎರಡೂ ಸೇರಿ 1,400 ನ್ಯೂಟನ್ ಎಂದು ಹಿಡಿಯೋಣ. ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ, ಎಂದರೆ ಸೆಕೆಂಡಿಗೆ 18 ಮೀಟರಿನಂತೆ, ಈ 5,400 ನ್ಯೂಟನ್ನುಗಳ ವಿರುದ್ಧ ಏರಲು ಬೇಕಾಗುವ ಸಾಮರ್ಥ್ಯ ಸುಮಾರು 97 ಕಿಲೋವ್ಯಾಟ್; ಅಶ್ವಶಕ್ತಿಯಲ್ಲಿ ಹೇಳುವುದಾದರೆ 130.

ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಸಾಧಾರಣ ಎಂಜಿನ್ನು ತನ್ನ ಸಾಮರ್ಥ್ಯದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನಿಗೆ ಈ ನಷ್ಟ ಕಡಿಮೆ. ಹಾಗೆ ಕಳೆದುಕೊಂಡರೂ 280ರಲ್ಲಿ 190ರಷ್ಟು ಉಳಿಯುತ್ತದಷ್ಟೆ. ಬೇಕಾದದ್ದು 130. ಆದುದರಿಂದ ಗೆಳೆಯರ ಮಾತು ಈ ಮಟ್ಟಿಗೆ ಸರಿ: ಅವರ ಎಸ್‌ಯುವಿ ಆ ಟ್ರೇಲರನ್ನು ಎಳೆಯಬಲ್ಲದು, ಪರ್ವತವನ್ನೂ ಏರಬಲ್ಲದು. ಇಂದಿನ ಬಹುತೇಕ ವಾಹನಗಳಲ್ಲಿ ಎಳೆಯುವ ಶಕ್ತಿಗೆ ಕೊರತೆಯಿಲ್ಲ. ಕೊರತೆಯಿರುವುದು ಬೇರೆಡೆ.

ಏರಿದ್ದನ್ನು ಇಳಿಯಬೇಕು

ಸುರಂಗದಿಂದ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಪಟ್ಟಣದವರೆಗೆ ದಾರಿ ಸುಮಾರು 13 ಕಿಲೋಮೀಟರಿನಲ್ಲಿ 700 ಮೀಟರಿನಷ್ಟು ಕೆಳಗಿಳಿಯುತ್ತದೆ. 5,800 ಕಿಲೋಗ್ರಾಂ ಭಾರ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ 40 ಮೆಗಾಜೂಲ್. ಇದು ಎಷ್ಟೆಂಬುದನ್ನು ತಿಳಿಯಲು ಒಂದು ಹೋಲಿಕೆ ಸಾಕು. ಅದೇ ವಾಹನ ಟ್ರೇಲರಿನೊಡನೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಅದರ ಚಲನಶಕ್ತಿ ಸುಮಾರು 2.2 ಮೆಗಾಜೂಲ್ ಮಾತ್ರ. ಎಂದರೆ ಆ ಒಂದು ಇಳಿಜಾರನ್ನು ಇಳಿಯುವುದು, ನೂರು ಕಿಲೋಮೀಟರ್ ವೇಗದಿಂದ ಹದಿನೆಂಟು ಬಾರಿ ಒಂದರ ಹಿಂದೊಂದರಂತೆ ಬ್ರೇಕ್ ಹಾಕಿ ನಿಲ್ಲುವುದಕ್ಕೆ ಸಮ!

ಇದರಲ್ಲಿ ಗಾಳಿಯೂ ಚಕ್ರಗಳ ಘರ್ಷಣೆಯೂ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಲನ್ನು ತಾವೇ ಹೀರಿಕೊಳ್ಳುತ್ತವೆ. ಉಳಿದ 22 ಮೆಗಾಜೂಲನ್ನು ಎಂಜಿನ್ನಾಗಲಿ ಬ್ರೇಕುಗಳಾಗಲಿ ಶಾಖವಾಗಿ ಮಾಡಿ ಹೊರಗೆ ಚೆಲ್ಲಬೇಕು. ಆ ಶಾಖ ಬಚ್ಚಲುಮನೆಯ ದೊಡ್ಡ ಹಂಡೆಯೊಂದರ 70 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಚಾಲಕನು ಅದನ್ನೆಲ್ಲ ಬ್ರೇಕಿನ ಮೇಲೆಯೇ ಹಾಕಿದನೆನ್ನಿ. ಟ್ರಕ್ಕು ಮತ್ತು ಟ್ರೇಲರುಗಳ ಬ್ರೇಕಿನ ಕಬ್ಬಿಣದ ಭಾಗಗಳು ಒಟ್ಟು 100 ಕಿಲೋಗ್ರಾಂ ಎಂದುಕೊಂಡರೆ, ಗಾಳಿ ತಣಿಸದಿದ್ದ ಪಕ್ಷದಲ್ಲಿ ಅವುಗಳ ಉಷ್ಣತೆ 480 ಡಿಗ್ರಿಯಷ್ಟು ಏರುತ್ತದೆ. ಗಾಳಿ ಸ್ವಲ್ಪ ತಣಿಸುವುದೇನೋ ನಿಜ. ಆದರೆ ಬ್ರೇಕಿನ ಕೊಳವೆಗಳಲ್ಲಿರುವ ದ್ರವ 200 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗಬಹುದು. ತೇವಾಂಶ ಹೀರಿದ ಹಳೆಯ ದ್ರವವಾದರೆ ಇನ್ನೂ ಮೊದಲೇ. ದ್ರವ ಆವಿಯಾದ ಮೇಲೆ ಬ್ರೇಕನ್ನು ಎಷ್ಟು ತುಳಿದರೂ ಆವಿ ಕುಗ್ಗುವುದೇ ಹೊರತು ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಈ ಇಳಿಜಾರಿನ ಪಕ್ಕದಲ್ಲಿ, ಬ್ರೇಕು ಸೋತ ಲಾರಿಗಳು ಹತ್ತಿ ನಿಲ್ಲಲೆಂದೇ ಜಲ್ಲಿ ತುಂಬಿದ ಏರುದಾರಿಗಳನ್ನು ಕಟ್ಟಿಟ್ಟಿದ್ದಾರೆ.

ಆದುದರಿಂದ ಬಲ್ಲವರು ಇಳಿಜಾರಿನ ತಲೆಯಲ್ಲಿಯೇ ಕೆಳಗಿನ ಗೇರಿಗೆ ಇಳಿದು, ಎಂಜಿನ್ನೇ ವಾಹನವನ್ನು ಹಿಡಿದಿಡುವಂತೆ ಮಾಡುತ್ತಾರೆ. ವಿದ್ಯುತ್ ವಾಹನಗಳಲ್ಲಿ ಈ ಶಕ್ತಿಯ ಒಂದು ಭಾಗ ಮರಳಿ ಬ್ಯಾಟರಿಯನ್ನು ಸೇರುತ್ತದೆ. ಆದರೆ ಬ್ಯಾಟರಿ ಮೊದಲೇ ತುಂಬಿದ್ದರೆ ಅದಕ್ಕೆ ಅಲ್ಲಿ ಸ್ಥಳವಿಲ್ಲ.

ಟ್ರೇಲರಿಗೆ ತನ್ನದೇ ಬ್ರೇಕು ಬೇಕೆಂಬುದೂ ಇದೇ ಲೆಕ್ಕದಿಂದ ಹೊರಡುತ್ತದೆ. ಯುರೋಪಿನಲ್ಲಿ 750 ಕಿಲೋಗ್ರಾಂ ಮೀರಿದ ಟ್ರೇಲರಿಗೆ ಬ್ರೇಕು ಕಡ್ಡಾಯ. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ಮಿತಿ ಸುಮಾರು 1,360 ಕಿಲೋಗ್ರಾಂ. ಮಿತಿ ಎಷ್ಟೇ ಇರಲಿ, ತತ್ತ್ವ ಒಂದೇ: ತಳ್ಳುವ ಭಾರ ತನ್ನನ್ನು ತಾನೇ ತಡೆದುಕೊಳ್ಳುವಂತಿರಬೇಕು.

ಕೊಂಡಿಯ ಮೇಲಿನ ಭಾರ

ಈಗ ಗಾಡಿಯವನ ಮೂಕಿಗೆ ಹಿಂತಿರುಗೋಣ. ಟ್ರೇಲರಿನ ಮೂತಿ ವಾಹನದ ಹಿಂದಿನ ಕೊಂಡಿಯ ಮೇಲೆ ಕುಳಿತಿರುತ್ತದೆ. ಈ ಬಗೆಯ ಟ್ರೇಲರುಗಳಲ್ಲಿ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಹೇರಬೇಕೆಂಬುದು ಅಮೆರಿಕದ ರೂಢಿ. ಶೇಕಡ 12 ಎಂದು ಹಿಡಿದರೆ ಗೆಳೆಯರ ಟ್ರೇಲರಿನ ಕೊಂಡಿಭಾರ 360 ಕಿಲೋಗ್ರಾಂ. ಅದನ್ನು ಹೊರುವ ಎತ್ತು ಇಲ್ಲಿ ವಾಹನವೇ.

ಆ ದೇಶದಲ್ಲಿ ಪ್ರತಿಯೊಂದು ವಾಹನದ ಚಾಲಕನ ಬಾಗಿಲ ಬಳಿ, ಜನರೂ ಸಾಮಾನೂ ಸೇರಿ ಇಷ್ಟಕ್ಕಿಂತ ಹೆಚ್ಚು ಹೊರಿಸಬೇಡಿರೆಂದು ತಿಳಿಸುವ ಒಂದು ಚೀಟಿ ಅಂಟಿಸಿರುತ್ತದೆ. ಕೊಂಡಿಯ ಭಾರವೂ ಈ ಹೊರೆಗೇ ಸೇರಬೇಕೆಂಬುದನ್ನು ಬಹುಮಂದಿ ಮರೆಯುತ್ತಾರೆ. ಗೆಳೆಯರ ಎಸ್‌ಯುವಿಯ ಚೀಟಿಯಲ್ಲಿರುವುದು 600 ಕಿಲೋಗ್ರಾಂ. ದಂಪತಿಗಳು, ಇಬ್ಬರು ಮಕ್ಕಳು, ತಾಯಿಯವರು, ಈ ಐವರ ತೂಕ 280. ಕೊಂಡಿಭಾರ 360 ಸೇರಿದರೆ 640 ಆಯಿತು. ಒಂದು ಚೀಲವನ್ನೂ ಇಡುವ ಮೊದಲೇ ಹೊರೆ ಮಿತಿಯನ್ನು ದಾಟಿತು! ಅವರು ನೋಡಿಟ್ಟಿದ್ದ ಟ್ರಕ್ಕಿನ ಚೀಟಿಯಲ್ಲಿ 700 ಇತ್ತು. ಅಲ್ಲಿ ಉಳಿಯುವುದು ಕೇವಲ 60 ಕಿಲೋಗ್ರಾಂ. ಆಗುತ್ತದೆ, ಆದರೆ ಅಂಚಿನಲ್ಲಿ.

ಅದೇ ಟ್ರಕ್ಕಿನ ಜಾಹೀರಾತಿನಲ್ಲಿ 4,500 ಕಿಲೋಗ್ರಾಂ ಎಳೆಯಬಲ್ಲದೆಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದರಂತೆ. ಅಷ್ಟು ತೂಕದ ಟ್ರೇಲರಿನ ಕೊಂಡಿಭಾರ 540 ಆಗುತ್ತದೆ. 700ರಲ್ಲಿ ಅದನ್ನು ಕಳೆದರೆ ಉಳಿಯುವುದು 160. ಇಬ್ಬರು ವಯಸ್ಕರ ತೂಕ. ಜಾಹೀರಾತು ಸುಳ್ಳು ಹೇಳಿಲ್ಲ, ಮಕ್ಕಳನ್ನೂ ತಾಯಿಯನ್ನೂ ಮನೆಯಲ್ಲಿಯೇ ಬಿಟ್ಟು ಲೆಕ್ಕ ಹಾಕಿದೆ, ಅಷ್ಟೆ.

ವಾಸ್ತವವಾಗಿ ಈ ಲೆಕ್ಕಕ್ಕೆ ಒಂದು ಸಾಮಾನ್ಯ ವಿಧಿಯೇ ಇದೆ. ಹಿಂದೆ ಪ್ರತಿಯೊಬ್ಬ ತಯಾರಕನೂ ತನಗೆ ತೋಚಿದಂತೆ ಎಳೆತದ ಅಂಕಿಯನ್ನು ಪ್ರಕಟಿಸುತ್ತಿದ್ದನು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 2008ರಲ್ಲಿ ಜೆ2807 ಎಂಬ ಪರೀಕ್ಷಾವಿಧಾನವನ್ನು ಹೊರತಂದಿತು. ಅದರಂತೆ ವಾಹನವು ತನ್ನ ಪೂರ್ಣ ಟ್ರೇಲರಿನೊಡನೆ ಅರಿಜೋನದ ಡೇವಿಸ್ ಅಣೆಕಟ್ಟಿನ ಬಳಿಯ 18 ಕಿಲೋಮೀಟರ್ ಉದ್ದದ ಏರನ್ನು, 38 ಡಿಗ್ರಿ ಸೆಲ್ಸಿಯಸ್ಸಿನ ಬಿಸಿಲಿನಲ್ಲಿ, ಒಳಗಿನ ತಂಪುಯಂತ್ರವನ್ನು ಪೂರ್ಣ ನಡೆಸುತ್ತಲೇ ಏರಬೇಕು. ಶೇಕಡ 12ರ ಏರಿನಲ್ಲಿ ನಿಂತಲ್ಲಿಂದ ಹೊರಡಬೇಕು. ಅಷ್ಟೇ ಇಳಿಜಾರಿನಲ್ಲಿ ಕೈಬ್ರೇಕಿನ ಬಲದಿಂದ ನಿಲ್ಲಬೇಕು. ಟ್ರೇಲರಿನ ಓಲಾಟ ತಾನಾಗಿ ಅಡಗಬೇಕು. ಇದು ಮೆಚ್ಚತಕ್ಕ ವಿಧಾನವೇ. ಆದರೆ ಸಾಧಾರಣ ವಾಹನಗಳಿಗೆ ಈ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಹಿಡಿಯುವ ಜನರ ಸಂಖ್ಯೆ ಎರಡು: ತಲಾ 68 ಕಿಲೋಗ್ರಾಂ ತೂಗುವ ಒಬ್ಬ ಚಾಲಕ, ಒಬ್ಬ ಸಹಪ್ರಯಾಣಿಕ.

ಒಂದು ಅನುಪಾತದ ಮಹಿಮೆ

ಕೊಂಡಿಯು ಹಿಂದಿನ ಅಚ್ಚಿಗಿಂತಲೂ ಹಿಂದೆ ಇರುವುದರಿಂದ ವಾಹನವು ಒಂದು ಸನ್ನೆಯಾಗಿಬಿಡುತ್ತದೆ. ಹಿಂದಿನ ಅಚ್ಚು ಅದರ ಆನಿಕೆ. ಹಿಂದೆ ಒತ್ತಿದರೆ ಮುಂದೆ ಮೇಲೇಳುತ್ತದೆ. ಕೊಂಡಿಯು ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿದೆ ಎಂದೂ, ಎರಡು ಅಚ್ಚುಗಳ ನಡುವಣ ದೂರ ಟ್ರಕ್ಕಿನಲ್ಲಿ 3.6 ಮೀಟರ್, ಎಸ್‌ಯುವಿಯಲ್ಲಿ 2.8 ಮೀಟರ್ ಎಂದೂ ಇಟ್ಟುಕೊಳ್ಳೋಣ. 360 ಕಿಲೋಗ್ರಾಮಿನ ಕೊಂಡಿಭಾರ ಟ್ರಕ್ಕಿನ ಮುಂಗಾಲಿಗಳ ಮೇಲಿನಿಂದ 120 ಕಿಲೋಗ್ರಾಮನ್ನೂ ಎಸ್‌ಯುವಿಯ ಮುಂಗಾಲಿಗಳ ಮೇಲಿನಿಂದ 154 ಕಿಲೋಗ್ರಾಮನ್ನೂ ಎತ್ತಿಬಿಡುತ್ತದೆ. ದಿಕ್ಕು ತಿರುಗಿಸುವುದೂ ಬಹುಪಾಲು ಬ್ರೇಕು ಹಿಡಿಯುವುದೂ ಮುಂಗಾಲಿಗಳೇ. ಅವು ನೆಲವನ್ನು ಹಗುರವಾಗಿ ಮುಟ್ಟಿದರೆ ಆ ಎರಡು ಕೆಲಸಗಳೂ ಕೆಡುತ್ತವೆ.

ಟ್ರೇಲರು ಪಕ್ಕಕ್ಕೆ ತಳ್ಳಿದಾಗಲೂ ಇದೇ ಅನುಪಾತ ಕೆಲಸ ಮಾಡುತ್ತದೆ. ಕೊಂಡಿಯ ಮೇಲಿನ ಅಡ್ಡಬಲ ವಾಹನವನ್ನು ಹಿಂದಿನ ಅಚ್ಚಿನ ಸುತ್ತ ತಿರುಗಿಸಲು ನೋಡುತ್ತದೆ. ಅದನ್ನು ಎದುರಿಸುವ ಮುಂಗಾಲಿಗಳ ಸನ್ನೆಯ ತೋಳು ಅಚ್ಚುಗಳ ನಡುವಣ ದೂರ. ಆ ತೋಳು ಉದ್ದವಾದಷ್ಟೂ ವಾಹನ ಸ್ಥಿರ. ಇನ್ನು ಕೊಂಡಿಯನ್ನೇ ಹಿಂದಿನ ಅಚ್ಚಿನ ನೇರಕ್ಕೆ ತಂದುಬಿಟ್ಟರೆ? ಆಗ ಅನುಪಾತ ಸೊನ್ನೆಯಾಗುತ್ತದೆ. ನಮ್ಮ ಹೆದ್ದಾರಿಗಳಲ್ಲಿ ಕಂಟೇನರ್ ಹೊತ್ತು ಓಡುವ ದೊಡ್ಡ ಲಾರಿಗಳನ್ನು ನೋಡಿರಿ: ಹಿಂದಿನ ಬಂಡಿಯ ಮೂತಿ ಲಾರಿಯ ಹಿಂದಿನ ಅಚ್ಚುಗಳ ಮೇಲೆಯೇ ಕುಳಿತಿರುತ್ತದೆ. ಅತಿ ಭಾರದ ಟ್ರೇಲರುಗಳಿಗೆ ಪಿಕಪ್ ಟ್ರಕ್ಕೇ ಬೇಕಾಗುವುದು ಈ ಕಾರಣದಿಂದಲೂ ಹೌದು. ಅದರ ತೆರೆದ ತೊಟ್ಟಿಯೊಳಗೆ, ಅಚ್ಚಿನ ನೇರಕ್ಕೆ, ಕೊಂಡಿಯನ್ನು ಕೂಡಿಸಬಹುದು. ಎಸ್‌ಯುವಿಯಲ್ಲಿ ಆ ಜಾಗದಲ್ಲಿ ಜನ ಕುಳಿತಿರುತ್ತಾರೆ.

ಓಲಾಟ

ಎಲ್ಲಕ್ಕಿಂತ ಭಯಂಕರವಾದದ್ದು ಟ್ರೇಲರು ಹಾವಿನ ಬಾಲದಂತೆ ಅತ್ತಿತ್ತ ಓಲಾಡತೊಡಗುವುದು. ಇದನ್ನು ನಾವು ನಮ್ಮ ವಿದ್ಯಾರ್ಥಿಗಳೊಡನೆ ವ್ಯಾಯಾಮಶಾಲೆಯ ಟ್ರೆಡ್‌ಮಿಲ್ಲಿನ ಮೇಲೆ ಮಾಡಿ ನೋಡಿದೆವು. ಆಟಿಕೆಯ ಮೋಟಾರೊಂದನ್ನು ದಾರದಿಂದ ಮುಂದಕ್ಕೆ ಕಟ್ಟಿ, ಅದರ ಹಿಂದೆ ಎರಡು ಚಕ್ರದ ಪುಟ್ಟ ಬಂಡಿಯನ್ನು ಸಿಕ್ಕಿಸಿ, ಬಂಡಿಯಲ್ಲಿ ಕಬ್ಬಿಣದ ನಟ್ಟುಗಳನ್ನು ಇಟ್ಟೆವು. ನಟ್ಟುಗಳು ಅಚ್ಚಿಗಿಂತ ಮುಂದಿದ್ದಾಗ ಬಂಡಿಯನ್ನು ಬೆರಳಿನಿಂದ ತಳ್ಳಿದರೆ ಅದು ಎರಡು ಬಾರಿ ಓಲಾಡಿ ನೇರವಾಯಿತು. ಅವನ್ನೇ ಹಿಂದಿನ ತುದಿಗೆ ಸರಿಸಿ ತಳ್ಳಿದಾಗ ಓಲಾಟ ಬೆಳೆಯುತ್ತ ಹೋಗಿ ಮೋಟಾರನ್ನೂ ತಿರುಗಿಸಿ ಕೆಡವಿತು. ಪಟ್ಟಿಯ ವೇಗವನ್ನು ತಗ್ಗಿಸಿದಾಗ ಅದೇ ಹಿಂಭಾರದ ಬಂಡಿ ಸಾಧುವಿನಂತೆ ನಡೆಯಿತು. ಹಿಂಭಾರವೂ ವೇಗವೂ ಕೂಡಿದಾಗಲೇ ಕೇಡು.

ವೇಗಕ್ಕೆ ಇಲ್ಲೇನು ಕೆಲಸ? ಟೈರು ಪಕ್ಕದ ಚಲನೆಯನ್ನು ತಡೆಯುವ ಬಲ, ಅದು ಸಾಗುವ ದಿಕ್ಕಿಗೂ ಅದರ ಮುಖದ ದಿಕ್ಕಿಗೂ ನಡುವೆ ಇರುವ ಕೋನವನ್ನು ಅವಲಂಬಿಸಿದೆ. ಪಕ್ಕದ ವೇಗ ಒಂದೇ ಆಗಿದ್ದಾಗ ಮುನ್ನಡೆಯ ವೇಗ ಇಮ್ಮಡಿಯಾದರೆ ಈ ಕೋನ ಅರ್ಧಕ್ಕಿಳಿಯುತ್ತದೆ. ಎಂದರೆ ಓಲಾಟವನ್ನು ತಣಿಸುವ ಘರ್ಷಣೆ ವೇಗದೊಡನೆ ಕುಗ್ಗುತ್ತದೆ. ಒಂದು ಮಿತಿಯನ್ನು ದಾಟಿದ ಮೇಲೆ ಪ್ರತಿಯೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಸರಿಯಾದ ಕಾಲಕ್ಕೆ ತಳ್ಳಿದ ಉಯ್ಯಾಲೆಯಂತೆ. ಕ್ಯಾಲಿಫೋರ್ನಿಯದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿ, ಎಂದರೆ ಸುಮಾರು 88 ಕಿಲೋಮೀಟರ್, ಮೀರದಂತೆ ಕಾನೂನಿದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ 80 ಕಿಲೋಮೀಟರ್. ಅದು ಬರಿಯ ಎಚ್ಚರಿಕೆಯ ಮಾತಲ್ಲ, ಸಮೀಕರಣದ ಮಾತು.

ಓಲಾಟ ಆರಂಭವಾದರೆ ಮಾಡತಕ್ಕದ್ದೇನು? ವೇಗದ ಪೆಡಲಿನಿಂದ ಕಾಲನ್ನು ಮೆಲ್ಲನೆ ತೆಗೆಯಬೇಕು. ಚುಕ್ಕಾಣಿಯನ್ನು ನೇರವಾಗಿ ಹಿಡಿಯಬೇಕು. ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕುವ ಸೌಕರ್ಯವಿದ್ದರೆ ಅದನ್ನು ಹಾಕಬೇಕು. ಹಿಂದಿನಿಂದ ಎಳೆದ ಹಗ್ಗದಂತೆ ಅದು ಎರಡನ್ನೂ ನೇರಗೊಳಿಸುತ್ತದೆ. ಭಯದಿಂದ ವಾಹನದ ಬ್ರೇಕನ್ನು ಒತ್ತಿ ತುಳಿದರೆ, ಹಿಂದಿನ ಭಾರ ಮುಂದಕ್ಕೆ ನುಗ್ಗಿ ಎರಡೂ ಚಾಕುವಿನಂತೆ ಮಡಚಿಕೊಳ್ಳಬಹುದು.

ಗೆಳೆಯರಿಗೆ ಬರೆದ ಉತ್ತರ

ಇಷ್ಟು ಲೆಕ್ಕ ಹಾಕಿ ನಾವು ಗೆಳೆಯರಿಗೆ ಹೀಗೆ ಬರೆದೆವು. ಎಂಜಿನ್ನಿನ ಅಂಕಿಯನ್ನು ಕೊನೆಗೆ ನೋಡಿ. ಮೊದಲು ಟ್ರೇಲರನ್ನು ತುಂಬಿಸಿ ತೂಕದ ಸೇತುವೆಯ ಮೇಲೆ ತೂಗಿಸಿ. ಅದರ ಶೇಕಡ 12ಕ್ಕೆ ನಿಮ್ಮ ಮನೆಮಂದಿಯ ತೂಕವನ್ನು ಕೂಡಿಸಿ, ಬಾಗಿಲ ಬಳಿಯ ಚೀಟಿಯೊಡನೆ ಹೋಲಿಸಿ. ಆಮೇಲೆ ಕೊಂಡಿಯ ಮಿತಿ, ಅಚ್ಚುಗಳ ನಡುವಣ ದೂರ, ಟ್ರೇಲರಿನ ಬ್ರೇಕು, ಕೆಳಗಿನ ಗೇರು ಇವನ್ನು ನೋಡಿ. ಟ್ರಕ್ಕು, ಎಸ್‌ಯುವಿ ಎಂಬ ಹೆಸರುಗಳಿಂದ ಮೋಸಹೋಗಬೇಡಿ: ಲಾರಿಯ ಚಾಸಿಯ ಮೇಲೆ ಕಟ್ಟಿದ ದೊಡ್ಡ ಎಸ್‌ಯುವಿಗಳೂ ಇವೆ, ಹೊರೆಗೆ ಸಾಲದ ಸಣ್ಣ ಟ್ರಕ್ಕುಗಳೂ ಇವೆ. 60 ಕಿಲೋಗ್ರಾಂ ಉಳಿಯುವ ಟ್ರಕ್ಕಿಗಿಂತ ಒಂದು ದರ್ಜೆ ಮೇಲಿನದು ಲೇಸು. ಅದು ಕೈಗೆಟುಕದಿದ್ದರೆ ಟ್ರೇಲರೇ ಚಿಕ್ಕದಾಗಲಿ. ಭಾರವಾದ ಸಾಮಾನೆಲ್ಲ ಅಚ್ಚಿನ ಬಳಿ, ಸ್ವಲ್ಪ ಮುಂದೆ ಇರಲಿ. ನಿಮ್ಮ ತಂದೆಯವರು ಗಾಡಿ ಹೂಡುತ್ತಿದ್ದುದನ್ನು ನೆನೆಸಿಕೊಳ್ಳಿ.

ಅವರು ಚಿಕ್ಕ ಟ್ರೇಲರನ್ನೇ ಕೊಂಡರೆಂದು ಆಮೇಲೆ ತಿಳಿಸಿದರು. ಅಜ್ಜಿಗೂ ಮೊಮ್ಮಕ್ಕಳಿಗೂ ಅಡಿಗೆಮನೆ ಸ್ವಲ್ಪ ಇಕ್ಕಟ್ಟಾಯಿತಂತೆ.

ನಮ್ಮ ಓದುಗರಲ್ಲಿ ಬಹುಮಂದಿಗೆ ಕೊಲರಾಡೊ ದೂರ. ಆದರೆ ಕಬ್ಬಿನ ಕಾಲದಲ್ಲಿ ಮಂಡ್ಯದಲ್ಲಾಗಲಿ ಬಾಗಲಕೋಟೆ, ಬೆಳಗಾವಿಗಳಲ್ಲಾಗಲಿ ರಸ್ತೆಯ ಬದಿಗೆ ನಿಂತು ನೋಡಿರಿ. ಒಂದು ಟ್ರ್ಯಾಕ್ಟರು ತನ್ನ ತೂಕದ ಹಲವು ಪಟ್ಟು ಕಬ್ಬನ್ನು ಎರಡು ಟ್ರೇಲರುಗಳಲ್ಲಿ ಎಳೆದೊಯ್ಯುತ್ತಿರುತ್ತದೆ. ಟ್ರ್ಯಾಕ್ಟರು ಎರಡು ಟನ್, ಹಿಂದಿನದು ಹದಿನೈದು ಟನ್ ಎಂದುಕೊಳ್ಳಿರಿ. ಟ್ರೇಲರುಗಳಿಗೆ ಬ್ರೇಕಿಲ್ಲದಿದ್ದರೆ ಆ ಎರಡು ಟನ್ನಿನ ಚಕ್ರಗಳ ಹಿಡಿತವೇ ಹದಿನೇಳು ಟನ್ನನ್ನು ನಿಲ್ಲಿಸಬೇಕು. ಸಮತಲದಲ್ಲಿ ನಿಧಾನವಾಗಿ ಹೋಗುವಾಗ ಇದು ಕಾಣುವುದಿಲ್ಲ. ಕೆರೆಯ ಏರಿಯಿಂದ ಇಳಿಯುವ ತಿರುವಿನಲ್ಲಿ ಕಾಣುತ್ತದೆ. ಒಂದು ಜಲ್ಲೆ ಕಬ್ಬಿಗಾಗಿ ಅದರ ಹಿಂದೆ ಓಡುವ ಹುಡುಗರಿಗೆ ಈ ಲೆಕ್ಕವನ್ನು ತಿಳಿಯಹೇಳುವುದು, ಭೌತಶಾಸ್ತ್ರ ಓದುತ್ತಿರುವ ಅವರ ಅಣ್ಣ ಅಕ್ಕಂದಿರ ಕೆಲಸ.

ಎಳೆಯುವವನ ಬಲ ಹೊರಡುವಾಗ ಎಲ್ಲರಿಗೂ ಕಾಣುತ್ತದೆ. ತಡೆಯುವವನ ಬಲ ಬೇಕಾಗುವುದು ನಿಲ್ಲಬೇಕಾದಾಗ. ವಾಹನವನ್ನು ಆರಿಸುವಾಗ ಎರಡನೆಯದನ್ನು ಮೊದಲು ಕೇಳಿ.